ದಮ್ಮಿನವರ ತಾಟಿನಾಗ ಏನಿರಬೇಕು: ಕಾಯಿಪಲ್ಯ, ಕಾಳು-ಬ್ಯಾಳಿ, ಹೊತ್ತಿನ ಲೆಕ್ಕ

ನಮ್ ಕಡೆ ಮನ್ಯಾಗ ಯಾರಿಗರ ದಮ್ಮು (ಇಲ್ಲಿ ಸಿಒಪಿಡಿ ಅನ್ನೋ, ವರ್ಷಗಟ್ಟಲೆ ಉಳಿಯೋ ಉಸಿರಿನ ರೋಗ) ಐತಿ ಅಂತ ಡಾಕ್ಟರ್ ಹೇಳಿದ್ರ ಸಾಕು, ಅವತ್ತ ಸಂಜಿಗೇನ ಪಥ್ಯ ಶುರು. ಮಸರು ಬ್ಯಾಡ ಕಫ ಆಗ್ತೈತಿ, ಬಾಳಿಹಣ್ಣು ಬ್ಯಾಡ ತಂಪು, ಸವತಿಕಾಯಿ ಬ್ಯಾಡ, ತುಪ್ಪ ಬ್ಯಾಡ, ರಾತ್ರಿ ಊಟಾನ ಬ್ಯಾಡ ಒಂದು ವಾಟಗಾ ಗಂಜಿ ಸಾಕು. ನೋಡಾಕ ಬಂದವ್ರು ಎಲ್ಲಾರೂ ಒಂದೊಂದು ಬಿಡಿಸಿ ಹೋಗ್ತಾರ, ಏನ್ ಹಾಕಬೇಕು ಅಂತ ಮಾತ್ರ ಯಾರೂ ಹೇಳಂಗಿಲ್ಲ. ವರ್ಷ ಕಳೆಯೋದ್ರಾಗ ಅಂಗಿ ಜೋಲಾಡಾಕ ಹತ್ತತೈತಿ, ಗಲ್ಲ ಒಳಗ ಹೋಗ್ತಾವ, ಮೂರು ಮೆಟ್ಟಲಾ ಏರಾಕ ಆಗಂಗಿಲ್ಲ, ಆವಾಗ "ರೋಗ ಹೆಚ್ಚಾತು" ಅಂತಾರ. ರೋಗನೂ ಹೆಚ್ಚಾಗಿರಬಹುದು ಖರೆ, ಆದ್ರ ಊಟ ಕಮ್ಮಿ ಮಾಡಿದ್ದರ ಪಾಲೂ ಅದ್ರಾಗ ಇರತೈತಿ. ಅದಕ್ಕ ಇಲ್ಲಿ ಬಿಡೋ ಪಟ್ಟಿಗಿಂತ ಹಾಕೋ ಪಟ್ಟಿ ಬಗ್ಗೆ ಜಾಸ್ತಿ ಬರೀತೀನಿ.

ಮೊದ್ಲ ಒಂದು ಮಾತು ಸಾಫ್ ಹೇಳಿಬಿಡ್ತೀನಿ. ಯಾವ ಪಲ್ಯಾ ತಿಂದ್ರೂ, ಯಾವ ಜ್ಯೂಸ್ ಕುಡಿದ್ರೂ ಹಾಳಾದ ಪುಪ್ಪುಸ (ಶ್ವಾಸಕೋಶ) ಹೊಸದಾಗಂಗಿಲ್ಲ. ಪಂಪ್ (ಇನ್ಹೇಲರ್) ಬಿಡಬ್ಯಾಡ್ರಿ, ಗುಳಿಗಿ ಬಿಡಬ್ಯಾಡ್ರಿ, ಬೀಡಿ ಬಿಡ್ರಿ. ಊಟದಿಂದ ಆಗೋದು ಬ್ಯಾರೆ ಕೆಲಸ: ತೂಕ ನಿಲ್ಲತೈತಿ, ಮೈಯಾಗ ಮಾಂಸ ಉಳೀತೈತಿ, ಹೊಟ್ಟಿ ಉಬ್ಬಿ ಉಸಿರಿಗೆ ಅಡ್ಡ ಬರಂಗಿಲ್ಲ, ಸಂಡಾಸ ಸಲೀಸ ಆಗ್ತೈತಿ, ನೆಗಡಿ-ಕೆಮ್ಮು ಬಂದಾಗ ತಡಕೊಳ್ಳೋ ತಾಕತ್ತು ಇರತೈತಿ. ಇದೇನ್ ಸಣ್ಣದಲ್ರಿ.

ಉಸಿರಿಗೂ ಊಟಕ್ಕೂ ಏನ್ ಸಂಬಂಧ

ಸಿಒಪಿಡಿ ಅಂದ್ರ ಒಳಗಿನ ಗಾಳಿ ನಳಿಗಿ ಸಣ್ಣ ಆಗಿರತಾವ, ಗಾಳಿಚೀಲ ಜೋತು ಬಿದ್ದಿರತಾವ, ಒಳಗ ಹೋದ ಗಾಳಿ ಪೂರಾ ಹೊರಗ ಬರಂಗಿಲ್ಲ. ಎದಿ ಯಾವಾಗ್ಲೂ ಅರ್ಧಾ ತುಂಬಿಕೊಂಡ ಇರತೈತಿ. ಅದ್ರ ಕೆಳಗ ವಪಿ ಅಂತ ಒಂದು ಸ್ನಾಯು ಐತಿ, ಉಸಿರಾಡೋ ಮುಖ್ಯ ಕೆಲಸ ಅದ್ರದ, ಅದೂ ಪಾಪ ಕೆಳಗ ಒತ್ತಿ ಚಪ್ಪಟಿ ಆಗಿರತೈತಿ. ಇನ್ನ ಹೊಟ್ಟಿ ತುಂಬ ಉಂಡ್ರ ಅಥವಾ ಗ್ಯಾಸ್ ಆದ್ರ ಕೆಳಗಿಂದನೂ ಒತ್ತತೈತಿ, ಎರಡೂ ಕಡೆ ಸಿಕ್ಕೊಂಡ ಮ್ಯಾಲೆ ದಮ್ ಹತ್ತದ ಏನ್ ಮಾಡತೈತಿ.

ಎರಡನೇದು, ಇವ್ರು ಸುಮ್ನ ಕುಂತಾಗ್ಲೂ ಉಸಿರಾಡಾಕ ಜಾಸ್ತಿ ಶಕ್ತಿ ಖರ್ಚ ಆಗ್ತೈತಿ. ಕುತ್ತಿಗಿ ಸ್ನಾಯು, ಪಕ್ಕಡಿ ಸ್ನಾಯು ಎಲ್ಲಾ ದುಡೀತಿರತಾವ. ಖರ್ಚ ಜಾಸ್ತಿ, ಊಟ ಕಮ್ಮಿ ಆದಾಗ ಮೈ ತನ್ನ ಸ್ನಾಯುನ ಕರಗಿಸಿ ನಡಸ್ತೈತಿ, ಅದ್ರಾಗ ಉಸಿರಾಟದ ಸ್ನಾಯುನೂ ಬಂತು. ಡಾಕ್ಟರ್‌ಗೋಳು ಸಿಒಪಿಡಿ ಎಷ್ಟು ಗಂಭೀರ ಐತಿ ಅಂತ ಅಳ್ಯಾಕ ಬೋಡ್ ಅಂತ ಒಂದು ಲೆಕ್ಕ ಇಟ್ಟಾರ, ಅದ್ರಾಗ ಬಿಎಂಐ (ಎತ್ತರಕ್ಕ ತಕ್ಕಂಗ ತೂಕ ಅಳಿಯೋ ಲೆಕ್ಕ) 21 ಅಥವಾ ಅದಕ್ಕಿಂತ ಕಮ್ಮಿ ಇದ್ರ ಒಂದು ಅಂಕ ಕೆಟ್ಟದ್ದಕ್ಕ ಸೇರತೈತಿ. ಐದು ಫೂಟ್ ಎತ್ತರದವ್ರಿಗೆ ಅದು ಸುಮಾರ 48-49 ಕೆಜಿ, ಐದೂವರಿ ಫೂಟ್ ಇದ್ದವ್ರಿಗೆ 59 ಕೆಜಿ. ನಮ್ ಹಳ್ಳಿ ಕಡೆ ವಯಸ್ಸಾದವ್ರು ಭಾಳ ಮಂದಿ ಇದಕ್ಕಿಂತ ಕೆಳಗ ಅದಾರ, ಅವ್ರಿಗೆ ಪಥ್ಯ ಅಂತ ಗಂಜಿ ಕುಡಿಸೋದು ಅಂದ್ರ ಏನ್ ಹೇಳೋದು.

ಮೈ ದಪ್ಪ ಇದ್ದವ್ರ ಕಥಿ ಬ್ಯಾರೆ. ಹೊಟ್ಟಿ ಬೊಜ್ಜು ವಪಿಗೆ ಒತ್ತತೈತಿ, ಅವ್ರು ಸಾವಕಾಶ ತೂಕ ಇಳಸಬೇಕು, ಆದ್ರ ಬ್ಯಾಳಿ-ಕಾಳು ಕಮ್ಮಿ ಮಾಡಿ ಅಲ್ಲ. ಎಣ್ಣಿ, ಸಕ್ಕರಿ, ಭಜಿ, ಚುರುಮುರಿ ಚಾ ಜೋಡಿ ನಡಿಯೋ ಖಾರಾ-ಫರಾಳ ಕಮ್ಮಿ ಮಾಡಿ.

ಹಳೇ ಟಿಬಿ ಆಗಿ ಪುಪ್ಪುಸದಾಗ ಗಾಯ ಉಳಿದವ್ರು, ಇಳಕಲ್ ಕಡೆ ಗ್ರಾನೈಟ್ ಕಲ್ಲಿನ ಧೂಳು ಕುಡಿದು ಎದಿ ಕೆಡಿಸಿಕೊಂಡವ್ರು, ಇವ್ರಿಗೂ ಮುಂದ ಹೇಳೋದ್ರಾಗ ಹೆಚ್ಚಿನದು ಹೊಂದತೈತಿ. ಟಿಬಿ ಈಗ ಚಾಲೂ ಇದ್ದು ಔಷಧ ತಗೊಳ್ಳಾಕತ್ತಿದ್ರ ನಿಕ್ಷಯ್ ಪೋಷಣ್ ಯೋಜನಾದಾಗ ತಿಂಗಳಿಗೆ 1000 ರೂಪಾಯಿ ಊಟಕ್ಕಂತ ಬ್ಯಾಂಕ್ ಖಾತೆಗೆ ಬರತೈತಿ (2024ರ ನವೆಂಬರ್‌ಕಿಂತ ಮೊದ್ಲ 500 ಇತ್ತು), ಬರ್ಲಿಲ್ಲ ಅಂದ್ರ ಆಶಾ ಕಾರ್ಯಕರ್ತೆನ ಕೇಳ್ರಿ, ಸುಮ್ನ ಕುಂದ್ರಬ್ಯಾಡ್ರಿ.

ಯಾವ ಕಾಯಿಪಲ್ಯ ಚಲೋ

ಸ್ವೀಡನ್ ದೇಶದಾಗ 44 ಸಾವಿರಕ್ಕಿಂತ ಹೆಚ್ಚು ಗಂಡಸ್ರನ್ನ ಸುಮಾರ 13 ವರ್ಷ ಹಿಂಬಾಲಿಸಿ ನೋಡ್ಯಾರ, 2017ರಾಗ ಅದು ಪ್ರಕಟ ಆತು. ದಿನಾ ಒಂದು ಪಾಲು ಹಣ್ಣು-ಕಾಯಿಪಲ್ಯ ಹೆಚ್ಚಿಗಿ ತಿಂದಂಗೆಲ್ಲ ಸಿಒಪಿಡಿ ಬರೋ ಸಂಭವ ಸಿಗರೇಟ್ ಸೇದೋರೊಳಗ ಶೇ. 8, ಬಿಟ್ಟವ್ರೊಳಗ ಶೇ. 4 ಕಮ್ಮಿ ಕಂಡಿತ್ತು. ಸೇಬು-ಪೇರ್ ಹಣ್ಣು, ತಪ್ಪಲ ಪಲ್ಯ, ಡೊಣ್ಣ ಮೆಣಸಿನಕಾಯಿ ಇವು ಎದ್ದು ಕಂಡಿದ್ದವು. ಇದು ರೋಗ ಬರೋದ್ರ ಲೆಕ್ಕ, ಬಂದದ್ದು ವಾಸಿ ಆಗೋದ್ರದ್ದಲ್ಲ, ಮತ್ತ ಹಣ್ಣು-ಪಲ್ಯ ಚಲೋ ತಿನ್ನೋರು ಬಾಕಿ ಎಲ್ಲಾದ್ರಾಗೂ ಹುಷಾರ ಇರತಾರ, ಅದೂ ಐತಿ. ಆದ್ರೂ ಹೊಗಿಯಿಂದ ಒಳಗ ಆಗೋ ಉರಿಊತಕ್ಕ ಕಾಯಿಪಲ್ಯದಾಗಿನ ಸತ್ವ ಸ್ವಲ್ಪ ತಡಿ ಹಾಕತೈತಿ ಅನ್ನೋದು ತಜ್ಞರ ವಿಚಾರ. ಹೆಂಗ ನೋಡಿದ್ರೂ ತಿಂದ್ರ ಲುಕ್ಸಾನ ಏನಿಲ್ಲ.

ಸೇಬು ದುಬಾರಿ, ನಮಗ್ಯಾಕ. ನಮ್ ಸಂತ್ಯಾಗ ಏನ್ ಕಮ್ಮಿ ಐತಿ ಹೇಳ್ರಿ. ಮೆಂತೆ, ರಾಜಗಿರಿ, ಪಾಲಕ, ಸಬ್ಬಸಗಿ, ಪುಂಡಿ ಪಲ್ಯ, ಚಳಿಗಾಲದಾಗ ಕಡ್ಲಿ ಹೊಲದಾಗಿನ ಎಳಿ ಕುಡಿ, ಹೊಲದ ಬದುವಿನ್ಯಾಗ ಕಿತ್ತು ತರೋ ಪಲ್ಯ, ಇವನ್ನೆಲ್ಲ ಪ್ಯಾಟಿ ಮಂದಿ ರೊಕ್ಕ ಕೊಟ್ಟು ಗ್ರೀನ್ಸ್ ಅಂತ ತಿಂತಾರ. ಹೀರಿಕಾಯಿ, ಸೋರಿಕಾಯಿ, ಪಡವಲಕಾಯಿ, ಕುಂಬಳಕಾಯಿ, ತೊಂಡಿಕಾಯಿ, ಬೆಂಡಿಕಾಯಿ ಹೊಟ್ಟಿಗೆ ಹಗುರ, ಅಗಿಯಾಕ ಮೆತ್ತಗ, ಉಬ್ಬರ ಮಾಡೋದು ಕಮ್ಮಿ. ದಮ್ಮಿನವ್ರಿಗೆ ನಾನಾದ್ರ ಹೀರಿಕಾಯಿಗೇ ಮೊದ್ಲ ನಂಬರ್ ಕೊಡ್ತೀನಿ: ಹೆಸರುಬ್ಯಾಳಿ ಹಾಕಿ ಮೆತ್ತಗ ಕುದಿಸಿ, ಜೀರಗಿ-ಬಳ್ಳೊಳ್ಳಿ ಒಗ್ಗರಣಿ ಕೊಟ್ಟು, ಇಳಿಸೋ ಮುಂದ ಒಂದು ಚಮಚಾ ತುಪ್ಪ ಹಾಕಿದ್ರ ಬ್ಯಾಳಿನೂ ಬಂತು, ಕಾಯಿನೂ ಬಂತು, ಒಂದು ರೊಟ್ಟಿ ನೆನದು ಕರಗಿ ಹೋಗ್ತೈತಿ ಅದ್ರಾಗ. ಗಜ್ಜರಿ, ಗೆಣಸು, ಕೆಂಪು ಕುಂಬಳಕಾಯಿ ಇವು ಎ ಜೀವಸತ್ವಕ್ಕ ಚಲೋ. ಪೇರಲ ಹಣ್ಣು, ನೆಲ್ಲಿಕಾಯಿ, ಇಂಡಿ ಕಡೆ ಲಿಂಬಿ ಸಿ ಜೀವಸತ್ವಕ್ಕ.

ಇಲ್ಲಿ ಒಂದು ಎಚ್ಚರಿಕಿ ಭಾಳ ಮುಖ್ಯ. ಗಜ್ಜರಿ ಚಲೋ ಅಂತ ಬೀಟಾ ಕ್ಯಾರೊಟಿನ್ ಗುಳಿಗಿ ನುಂಗಬ್ಯಾಡ್ರಿ, ಅದೂ ಬೀಡಿ-ಸಿಗರೇಟ್ ಸೇದೋರಂತೂ ಬ್ಯಾಡೇ ಬ್ಯಾಡ. ಫಿನ್‌ಲ್ಯಾಂಡ್‌ದಾಗ 29 ಸಾವಿರ ಸೇದೋ ಗಂಡಸ್ರ ಮ್ಯಾಲೆ ಪರೀಕ್ಷೆ ಮಾಡಿದ್ರು, 1994ರಾಗ ರಿಸಲ್ಟ್ ಬಂದಾಗ ಗುಳಿಗಿ ತಗೊಂಡವ್ರೊಳಗ ಪುಪ್ಪುಸದ ಕ್ಯಾನ್ಸರ್ ಶೇ. 18 ಜಾಸ್ತಿ ಆಗಿತ್ತು. ಗಜ್ಜರಿ ತಿಂದು ಯಾರಿಗೂ ಹಂಗ ಆಗಂಗಿಲ್ಲ, ಆರಾಮ ತಿನ್ರಿ.

ಬೀಟ್‌ರೂಟ್ ಬಗ್ಗೆ ಈಗ ವಾಟ್ಸಾಪ್‌ನ್ಯಾಗ ಭಾಳ ಓಡ್ಯಾಡಾಕತ್ತೈತಿ. ಅದ್ರಾಗ ಸ್ವಲ್ಪ ಖರೆನೂ ಐತಿ. ಲಂಡನ್‌ನ ಇಂಪೀರಿಯಲ್ ಕಾಲೇಜಿನವ್ರು ಬಿಪಿನೂ ಇದ್ದ 81 ಮಂದಿ ಸಿಒಪಿಡಿ ಪೇಶಂಟ್ ಮ್ಯಾಲೆ 12 ವಾರ ನೋಡಿದಾಗ ದಿನಾ ಬೀಟ್‌ರೂಟ್ ಗಟ್ಟಿ ಜ್ಯೂಸ್ ಕುಡದವ್ರ ಮ್ಯಾಲಿನ ಬಿಪಿ ಸುಮಾರ 4.5 ಇಳೀತು, ಆರು ನಿಮಿಷದಾಗ ನಡಿಯೋ ದೂರ ಸುಮಾರ 30 ಮೀಟರ್ ಹೆಚ್ಚಾತು. 2023ರಾಗ ಪ್ರಕಟ ಆತು. ಬೀಟ್‌ರೂಟ್‌ನಾಗಿನ ನೈಟ್ರೇಟ್ ಮೈಯೊಳಗ ಹೋಗಿ ರಕ್ತನಾಳ ಸಡಿಲ ಮಾಡತೈತಿ, ಅದು ಅದ್ರ ಕೆಲಸ. ಆದ್ರ 81 ಮಂದಿ ಅಂದ್ರ ಸಣ್ಣ ಪರೀಕ್ಷೆ, ಅವ್ರು ಕುಡಿದದ್ದು ನೈಟ್ರೇಟ್ ಅಳತಿ ಮಾಡಿದ ಬಾಟ್ಲಿ, ನಾವು ಮಿಕ್ಸರ್‌ನ್ಯಾಗ ತಿರುವೋದ್ರ ಅಳತಿ ಯಾರಿಗೆ ಗೊತ್ತು. ವಾರಕ್ಕ ಎರಡು ಮೂರು ಸಲ ಪಲ್ಯಾನೋ ಕೋಸಂಬ್ರಿನೋ ಮಾಡಿ ತಿನ್ರಿ, ಸಾಕು. ತಿಂದ ಮರುದಿನ ಮೂತ್ರ ಕೆಂಪ ಬಂದ್ರ ಗಾಬ್ರಿ ಆಗಬ್ಯಾಡ್ರಿ, ಅದು ಬೀಟ್‌ರೂಟ್ ಬಣ್ಣ. ಕಿಡ್ನಿ ಸ್ಟೋನ್ ಆದವ್ರು ಮಾತ್ರ ಬೀಟ್‌ರೂಟ್, ಪಾಲಕ, ರಾಜಗಿರಿ ಮೂರೂ ಮಿತಿಯಾಗ ಇಡ್ರಿ.

ಹೊಟ್ಟಿ ಉಬ್ಬಿಸೋವು

ಕ್ಯಾಬೀಜ, ಹೂಕೋಸು, ಹಸಿ ಉಳ್ಳಾಗಡ್ಡಿ, ಮೂಲಂಗಿ, ಅವರಿ, ಅಲಸಂದಿ, ಕಡ್ಲಿ, ಝುಣಕ. ನಮ್ಮವ್ರಿಗೆ ರೊಟ್ಟಿ ಜೋಡಿ ಹಸಿ ಉಳ್ಳಾಗಡ್ಡಿ ಇಲ್ಲಂದ್ರ ಊಟಾನ ಅಲ್ಲ, ಅದನ್ನ ಬಿಡ್ರಿ ಅಂದ್ರ ಜಗಳಾ ಬರತೈತಿ. ಎಲ್ಲಾರಿಗೂ ಎಲ್ಲಾದೂ ಗ್ಯಾಸ್ ಮಾಡಂಗಿಲ್ಲ, ಅದಕ್ಕ ಒಮ್ಮಿಗೇ ಎಲ್ಲಾ ಬಂದ್ ಮಾಡಬ್ಯಾಡ್ರಿ. ಒಂದೊಂದನ್ನ ನಾಕೈದು ದಿನ ಬಿಟ್ಟು ನೋಡ್ರಿ, ಮತ್ತ ತಿಂದು ನೋಡ್ರಿ, ಉಬ್ಬರ ಯಾವುದ್ರಿಂದ ಬರತೈತಿ ಅದನ್ನಷ್ಟ ಕಮ್ಮಿ ಮಾಡ್ರಿ. ಹಸಿ ಉಳ್ಳಾಗಡ್ಡಿ ತಾಳಂಗಿಲ್ಲ ಅನ್ನೋರಿಗೆ ಕೆಂಡದಾಗೋ ತವಾದ ಮ್ಯಾಗೋ ಸುಟ್ಟ ಉಳ್ಳಾಗಡ್ಡಿ ತಾಳಬಹುದು, ರುಚಿನೂ ಕೆಡಂಗಿಲ್ಲ.

ಕಾಳು ಬಿಡೋದಂತೂ ಆಗದ ಮಾತು, ಶಾಖಾಹಾರಿ ಮನ್ಯಾಗ ಪ್ರೊಟೀನ್ ಬರೋದ ಅಲ್ಲಿಂದ. ರಾತ್ರಿ ನೆನಿ ಇಡ್ರಿ, ಮುಂಜಾನೆ ಆ ನೀರು ಚಲ್ರಿ, ಬಟ್ಟ್ಯಾಗ ಕಟ್ಟಿ ಮೊಳಕಿ ಬರಿಸ್ರಿ, ಆಮ್ಯಾಲೆ ಕುಕ್ಕರ್‌ನ್ಯಾಗ ಮೆತ್ತಗ ಆಗೋತನಕ ಕುದಿಸ್ರಿ, ಇಂಗು-ಜೀರಗಿ-ಅಲ್ಲ (ಹಸಿ ಶುಂಠಿ) ಬೀಳಲಿ. ಗ್ಯಾಸ್ ಮಾಡೋ ಸಕ್ಕರಿ ಅಂಶ ನೆನಸಿದಾಗ, ಮೊಳಕಿ ಬಂದಾಗ ಭಾಳಷ್ಟು ಕಮ್ಮಿ ಆಗ್ತೈತಿ. ಹೆಸರು ಎಲ್ಲಾಕ್ಕಿಂತ ಹಗುರ, ಮಡಕಿ ನಂತರ, ಕಡ್ಲಿ-ಅವರಿ ಕಡೀಕ. ಸೋಡಾ, ಬಾಟ್ಲಿ ಕೋಲಾ ಇವು ಹೊಟ್ಟ್ಯಾಗ ಗಾಳಿ ತುಂಬೋದ ಕೆಲಸ, ಅವು ಬ್ಯಾಡ. ಗಡಿಬಿಡಿಲೆ ಉಂಡ್ರ, ಉಣ್ಣೋ ಮುಂದ ಭಾಳ ಮಾತಾಡಿದ್ರನೂ ಗಾಳಿ ನುಂಗತೀವಿ.

ಮಾಂಸ ಉಳಿಸೋ ಲೆಕ್ಕ

ತೂಕದ ಒಂದು ಕೆಜಿಗೆ ದಿನಕ್ಕ 1.2 ರಿಂದ 1.5 ಗ್ರಾಂ ಪ್ರೊಟೀನ್ ಬೇಕು ಅಂತ ಹೇಳ್ತಾರ, ಅಂದ್ರ 50 ಕೆಜಿಯವ್ರಿಗೆ 60-75 ಗ್ರಾಂ. ಕೇಳಾಕ ಭಾಳ ಅನಸ್ತೈತಿ, ಆದ್ರ ನಮ್ ಊಟದಾಗ ಕೂಡಿಸಿ ನೋಡ್ರಿ: ಮೂರು ಜೋಳದ ರೊಟ್ಟಿ ಸುಮಾರ 15, ಎರಡು ವಾಟಗಾ ಗಟ್ಟಿ ಬ್ಯಾಳಿ 12, ಒಂದು ವಾಟಗಾ ಹೆಸರುಕಾಳು ಪಲ್ಯ 7, ಒಂದು ಗ್ಲಾಸ್ ಹಾಲು 6, ಒಂದು ವಾಟಗಾ ಮಸರು 4, ಎರಡು ದೊಡ್ಡ ಚಮಚಾ ಶೇಂಗಾ ಹಿಂಡಿ 5, ಎರಡು ತತ್ತಿ 12. ಒಟ್ಟು 61 ಆತು. ತತ್ತಿ ತಿನ್ನದವ್ರು ಅದ್ರ ಬದ್ಲಿ ಇನ್ನೊಂದು ಗ್ಲಾಸ್ ಹಾಲು, ಒಂದು ಹಿಡಿ ಪುಟಾಣಿ. ಪುಟಾಣಿ ಅಗಿಯಾಕ ಆಗಲಿಲ್ಲಂದ್ರ ಪುಡಿ ಮಾಡಿ ಬೆಲ್ಲ-ಹಾಲಿನ್ಯಾಗ ಕಲಿಸ್ರಿ. ಕಿಡ್ನಿ ತೊಂದ್ರಿ ಇದ್ದವ್ರು ಮಾತ್ರ ಈ ಲೆಕ್ಕ ಹಿಡೀಬ್ಯಾಡ್ರಿ, ಡಾಕ್ಟರ್‌ನ ಕೇಳ್ರಿ.

ತಿನ್ನೋದೇ ನಾಕು ತುತ್ತು ಅನ್ನೋರಿಗೆ ಆ ನಾಕು ತುತ್ತಿನ್ಯಾಗ ಸತ್ವ ತುಂಬಬೇಕು. ತಿಳಿಸಾರು-ಅನ್ನ ಉಂಡ್ರ ಹೊಟ್ಟಿ ನೀರಿನಿಂದ ತುಂಬಿತು ಅಷ್ಟ. ಅದ ಅನ್ನಕ್ಕ ಗಟ್ಟಿ ಬ್ಯಾಳಿ, ತುಪ್ಪ ಹಾಕ್ರಿ. ಜೋಳದ ನುಚ್ಚಿಗೆ ನೀರು ಮಜ್ಜಿಗಿ ಬದ್ಲಿ ಕೆನಿ ಮಸರು. ಪಲ್ಯಕ್ಕ ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಉದುರಿಸ್ರಿ, ಎಣ್ಣಿಗಾಯಿ ಮಾಡೋ ಮನಿಗೆ ಇದನ್ನ ಹೊಸದಾಗಿ ಹೇಳಬೇಕಾಗಿಲ್ಲ. ಅಮೀನಗಡ ಕರದಂಟು ಒಂದು ತುಂಡು, ನಮ್ ವಿಜಯಪುರ ಮಣೂಕಾ ಒಂದು ಹಿಡಿ, ಸಂಜಿಮುಂದ ಕೊಡ್ರಿ, ಶುಗರ್ ಇಲ್ಲದವ್ರಿಗೆ. ಅಂಗಡ್ಯಾಗ ಶ್ವಾಸಕೋಶದವ್ರಿಗೆ ಅಂತ ಸ್ಪೆಷಲ್ ಪುಡಿ ಡಬ್ಬಿ ಮಾರ್ತಾರಲ್ಲ, ಬಾಯಿಂದ ಸಾಕಷ್ಟು ಉಣ್ಣೋ ಮನಷ್ಯಾಗ ಅದು ಬೇಕಾಗಂಗಿಲ್ಲ. ಅನ್ನ-ರೊಟ್ಟಿ ತಿಂದ್ರ ಇಂಗಾಲದ ಡೈಆಕ್ಸೈಡ್ (ಉಸಿರಿನ್ಯಾಗ ಹೊರಗ ಹಾಕಬೇಕಾದ ಗಾಳಿ) ಹೆಚ್ಚು ಹುಟ್ಟತೈತಿ ಅದಕ್ಕ ಬಂದ್ ಮಾಡ್ರಿ ಅಂತನೂ ಕೆಲವ್ರು ಹೇಳ್ತಾರ. ಹಿಟ್ಟಿನ ಪದಾರ್ಥ ಸುಟ್ಟಾಗ ಕೊಬ್ಬಿಗಿಂತ ಜಾಸ್ತಿ ಹುಟ್ಟತೈತಿ ಅನ್ನೋದು ಖರೆ, ಆದ್ರ ಅಗತ್ಯಕ್ಕಿಂತ ಹೆಚ್ಚಿಗಿ ಉಂಡಾಗ ಅದು ತ್ರಾಸ ಕೊಡೋದು. ತೂಕ ಕಮ್ಮಿ ಇರೋ ಅಜ್ಜಗ ರೊಟ್ಟಿ ಬಿಡಿಸಾಕ ಅದು ಕಾರಣ ಅಲ್ಲ.

ಇನ್ನ ಹಾಲು-ಮಸರಿನಿಂದ ಕಫ. ಹಾಲು ಕುಡಿದ್ರ ಕಫ ಹೆಚ್ಚು ಹುಟ್ಟಂಗಿಲ್ಲ. ಹಾಲು ಜೊಲ್ಲಿನ ಜೋಡಿ ಕೂಡಿ ಗಂಟಲದಾಗ ಸ್ವಲ್ಪ ಅಂಟಿದಂಗ ಅನಸ್ತೈತಿ, ಅದನ್ನ ಕಫ ಅಂತೀವಿ. ಕುಡದ ಮ್ಯಾಲೆ ಎರಡು ಗುಟುಕು ಬೆಚ್ಚಗಿನ ನೀರು ಕುಡಿದ್ರ ಆತು. ಫ್ರಿಜ್‌ನಾಗಿನ ತಣ್ಣಂದು ಕುಡಿದಾಗ ಕೆಮ್ಮು ಬರ್ತೈತಿ ಅಂದ್ರ ಫ್ರಿಜ್‌ಂದು ಬ್ಯಾಡ, ಮಸರೇ ಬ್ಯಾಡ ಅಂತಲ್ಲ. ಅದೂ ಸ್ಟಿರಾಯ್ಡ್ ಗುಳಿಗಿ ಆಗಾಗ ತಗೊಳ್ಳೋರಿಗೆ ಎಲುಬು ಟೊಳ್ಳ ಆಗ್ತಾವ, ಅವ್ರಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಹಾಲು-ಮಸರು ಬಿಡಿಸಿ ಆಮ್ಯಾಲೆ ಕ್ಯಾಲ್ಸಿಯಂ ಗುಳಿಗಿ ತರೋದು ಯಾವ ಲೆಕ್ಕ.

ಹೆಂಗ ಉಣ್ಣಬೇಕು, ಎಲ್ಲಿ ಕುಂದ್ರಬೇಕು

ಎರಡು ಹೊತ್ತು ಹೊಟ್ಟಿ ತುಂಬ ಉಣ್ಣೋ ಬದ್ಲಿ ಐದಾರು ಸಲ ಸಣ್ಣ ಸಣ್ಣ ಊಟ. ಭಾಳ ಮಂದಿಗೆ ಸಂಜಿ ಆದಂಗ ಸುಸ್ತು ಹೆಚ್ಚತೈತಿ, ಅದಕ್ಕ ದೊಡ್ಡ ಊಟ ಮುಂಜಾನೆ-ಮಧ್ಯಾಹ್ನದಾಗ ಮುಗಿಸ್ರಿ. ಊಟಕ್ಕ ಮೊದ್ಲ ಅರ್ಧಾ ತಾಸು ವಿಶ್ರಾಂತಿ. ಕಫ ತಗ್ಯೋದು, ನೆಬುಲೈಜರ್ ಮಾಡೋದು ಊಟಕ್ಕ ಮೊದ್ಲ ಮುಗೀಲಿ, ಉಂಡ ಮ್ಯಾಲೆ ಕೆಮ್ಮಿದ್ರ ಉಂಡದ್ದೆಲ್ಲ ಹೊರಗ ಬರತೈತಿ. ಸ್ಟಿರಾಯ್ಡ್ ಇರೋ ಪಂಪ್ ತಗೊಂಡ ಮ್ಯಾಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲಾಂದ್ರ ಬಾಯಾಗ ಬಿಳಿ ಬೂಸ್ಟ ಬರತೈತಿ, ನಾಲಿಗಿಗೆ ರುಚಿ ಹೋಗ್ತೈತಿ, ಮನಿಯವ್ರು "ಊಟ ಸೇರವಲ್ತು" ಅಂತ ಮಸಾಲಿ ಬದಲಿ ಮಾಡಕೋತ ಕುಂದ್ರತಾರ. ಮನ್ಯಾಗ ಆಕ್ಸಿಜನ್ ಹಚ್ಚಿಕೊಳ್ಳೋರು ಊಟಕ್ಕಂತ ಮೂಗಿನ ನಳಿಗಿ ತಗೀಬಾರ್ದು, ಅಗಿಯಾಕ-ನುಂಗಾಕನೂ ಆಕ್ಸಿಜನ್ ಬೇಕು.

ನೆಲದ ಮ್ಯಾಲೆ ಚಕ್ಕಳಮಕ್ಕಳ ಕುಂತು ತಾಟಿನ ಮ್ಯಾಲೆ ಬಗ್ಗಿ ಉಣ್ಣೋದು ನಮ್ ಪದ್ಧತಿ, ಆದ್ರ ದಮ್ಮಿನವ್ರಿಗೆ ಬಗ್ಗಿದ ಕೂಡ್ಲೆ ಹೊಟ್ಟಿ ಮ್ಯಾಲೆ ಒತ್ತತೈತಿ. ಖುರ್ಚಿ ಮ್ಯಾಲೆ ಕುಂದರಸ್ರಿ, ಮುಂದ ಒಂದು ಸ್ಟೂಲ್ ಇಟ್ಟು ಎರಡೂ ಮೊಣಕೈ ಊರಾಕ ಬರೋಹಂಗ ಮಾಡ್ರಿ, ತಾಟು ಬಾಯಿಗೆ ಸಮೀಪ ಬರತೈತಿ. ಮೊದಲ ತುತ್ತಿಗಿಂತ ಮುಂಚೆ ಶಿಳ್ಳಿ ಹೊಡಿಯೋಹಂಗ ತುಟಿ ಮಾಡಿ ಸಾವಕಾಶ ಉಸಿರು ಬಿಡೋದು ಐದಾರು ಸಲ. ತುತ್ತು ಸಣ್ಣದು, ನಡುವ ಕೈ ಕೆಳಗ ಇಡೋದು. ಉಂಡ ಕೂಡ್ಲೆ ಅಡ್ಡಾಗಬಾರ್ದು, ಎರಡು ತಾಸಾದ್ರೂ ಕುಂತಿರಬೇಕು. ಹೊಟ್ಟ್ಯಾಗಿನ ಹುಳಿ ಗಂಟಲಕ್ಕ ಬಂದ್ರ ರಾತ್ರಿ ಕೆಮ್ಮು ಎಬ್ಬಸತೈತಿ, ಖಾರಬ್ಯಾಳಿ-ಮಿರ್ಚಿ ಭಜಿ ತಿಂದ ರಾತ್ರಿ ನೋಡ್ರಿ ಬೇಕಾದ್ರ.

ರೊಟ್ಟಿ ವಿಷಯ. ಖಡಕ್ ರೊಟ್ಟಿ ಅಗಿಯೋದ್ರಾಗನ ಅರ್ಧಾ ದಮ್ ಹೋಗ್ತೈತಿ, ಅದ್ರ ಚೂರು ಗಂಟಲಕ್ಕ ಸಿಕ್ಕು ಕೆಮ್ಮು ಬರತೈತಿ. ಬಿಸಿ ರೊಟ್ಟಿ ಬಡದ ಕೂಡ್ಲೆ ಬಟ್ಟ್ಯಾಗ ಸುತ್ತಿ ಡಬ್ಬ್ಯಾಗ ಇಟ್ರ ಮೆತ್ತಗ ಉಳಿತೈತಿ, ಮುರದು ಬ್ಯಾಳ್ಯಾಗ ನೆನಿಸಿ ಕೊಡ್ರಿ. ರೊಟ್ಟಿ, ತಪ್ಪಲ ಪಲ್ಯ, ಕಾಳು ಇವುದ್ರಾಗಿನ ನಾರು ಸಂಡಾಸಕ್ಕ ಬೇಕು. ಮಲಬದ್ಧತೆ ಆಗಿ ತಿಣಕಿದ್ರ ಅಲ್ಲೇ ದಮ್ ಹತ್ತತೈತಿ. ಎಷ್ಟೋ ಮಂದಿ ಇದನ್ನ ನಾಚಿಗಿಗೆ ಹೇಳಂಗಿಲ್ಲ, ನೀವ ಕೇಳ್ರಿ. ನೀರು ದಿನಕ್ಕ ಆರೆಂಟು ಗ್ಲಾಸ್ ಹೋದ್ರ ಕಫನೂ ತೆಳ್ಳಗ ಆಗ್ತೈತಿ, ಆದ್ರ ಊಟದ ನಡುವ ಗಟಗಟ ಕುಡಿದ್ರ ಅದ ಹೊಟ್ಟಿ ತುಂಬತೈತಿ, ಊಟಕ್ಕ ಒಂದು ತಾಸು ಹಿಂದ-ಮುಂದ ಕುಡೀಲಿ. ಹಾರ್ಟ್ ತೊಂದ್ರಿಗೆ ನೀರು ಅಳತಿ ಹಾಕಿಕೊಟ್ಟಿದ್ರ ಆ ಅಳತಿ ಮೀರಬಾರ್ದು.

ಅಡಗಿ ಮಾಡೋರೇ ಪೇಶಂಟ್ ಆಗಿದ್ರ

ಇದನ್ನ ಯಾರೂ ಹೇಳಂಗಿಲ್ಲ. ದಮ್ಮು ಅಂದ ಕೂಡ್ಲೆ ಬೀಡಿ ಸೇದೋ ಗಂಡಸ್ರು ನೆನಪಾಗ್ತಾರ, ಆದ್ರ ಹತ್ತಿಕಟಗಿ, ಕುಳ್ಳು, ತೊಗರಿಕಟಗಿ ಉರಿಸಿ ಒಲಿ ಮುಂದ ಜೀವನ ಕಳದ ಹೆಣ್ಮಕ್ಕಳಿಗೂ ಸಿಒಪಿಡಿ ಬರತೈತಿ, ಬೀಡಿ ಮುಟ್ಟದೇ. ನಮ್ಮ ಅತ್ತಿಯವ್ರದೂ ಹಂಗ. ಮನ್ಯಾಗ ಗ್ಯಾಸ್ ಬಂದ್ರೂ ರೊಟ್ಟಿ ಒಲಿ ಮ್ಯಾಗೇ ಚಲೋ ಆಗ್ತಾವ ಅಂತ ಹಿತ್ತಲದಾಗ ಒಂದು ಒಲಿ ಇಟ್ಟೇ ಇದ್ರು. ಡಾಕ್ಟರ್ ಬೈದಾಗ "ನಾನೇನ್ ಬೀಡಿ ಸೇದತೀನೇನ್ರಿ ಸಾಹೇಬ್ರ" ಅಂದ್ರು. ಒಲಿ ಹೋತು, ಆದ್ರ ಅಡಗಿಮನಿ ಪೂರಾ ಬಿಟ್ಟುಕೊಡಾಕ ಮನಸಿಲ್ಲ, ಆ ಹಟಾನೂ ಒಂದು ತಾಕತ್ತ ಅನ್ನಿ. ಅಂಥವ್ರಿಗೆ ಕೆಲಸ ಬಿಡಿಸೋಕ್ಕಿಂತ ಕೆಲಸದ ರೀತಿ ಬದಲಿ ಮಾಡೋದು ಚಲೋ.

ನೆಲದ ಮ್ಯಾಲೆ ಕುಂತು ಈಳಿಗಿ ಮ್ಯಾಗ ಬಗ್ಗಿ ಕಾಯಿಪಲ್ಯ ಹೆಚ್ಚೋದು ಬಂದ್. ಟೇಬಲ್ ಮುಂದ ಖುರ್ಚಿ, ಚಾಕು-ಮಣಿ, ಮೊಣಕೈ ಟೇಬಲ್ ಮ್ಯಾಲೆ ಊರಿ ಹೆಚ್ಚೋದು. ರೊಟ್ಟಿ ಬಡಿಯೋದಂತೂ ದಮ್ಮಿನವ್ರ ಕೆಲಸ ಅಲ್ಲೇ ಅಲ್ಲ, ಯಾಕಂದ್ರ ಕೈ ಎತ್ತಿ ಮಾಡೋ ಕೆಲಸಕ್ಕ ದುಡಿಯೋ ಎದಿ-ಭುಜದ ಸ್ನಾಯುನ ಉಸಿರಿಗೂ ದುಡೀತಿರತಾವ, ಎರಡೂ ಒಮ್ಮಿಗೆ ಅವಕ್ಕ ಆಗಂಗಿಲ್ಲ. ಈಗ ಊರೂರಿಗೆ ರೊಟ್ಟಿ ಮಾಡಿ ಮಾರೋ ಹೆಣ್ಮಕ್ಕಳು ಅದಾರ, ಅಲ್ಲಿಂದ ತರಸ್ರಿ, ಅದ್ರಾಗ ಮರ್ಯಾದಿ ಹೋಗೋದೇನಿಲ್ಲ. ಒಣ ಮೆಣಸಿನಕಾಯಿ ಒಗ್ಗರಣಿ, ಶೇಂಗಾ ಹುರಿಯೋದು, ಖಾರ ಕುಟ್ಟೋದು ನಡದಾಗ ಅವ್ರು ಹೊರಗ ಕಟ್ಟಿ ಮ್ಯಾಲೆ ಇರಲಿ, ಕಿಡಕಿ ತಗದಿರಲಿ.

ಕಾರ್ಖಾನಿ ಹಂಗಾಮು ಶುರು ಆಗಿ ಕಬ್ಬಿನ ರವದಿ ಸುಡೋ ದಿನದಾಗ, ಥಂಡಿನೂ ಕೂಡಿದಾಗ, ಬಾಗಲಕೋಟಿ-ಬೆಳಗಾವಿ ಕಡೆ ದಮ್ಮಿನವ್ರ ಹಾಲ್ ಕೇಳಬಾರ್ದು. ದಮ್ಮು ಕೆರಳಿ ದವಾಖಾನಿಗೆ ಹೋಗಿ ಬಂದ ಮ್ಯಾಲೆ ಕೆಲ ವಾರ ಊಟ ಪೂರಾ ಬೀಳತೈತಿ, ತೂಕ ಕಳಕೊಳ್ಳೋದ ಆವಾಗ. ಆ ದಿನಕ್ಕ ಹೆಸರುಬ್ಯಾಳಿ ಖಿಚಡಿ ಸೋರಿಕಾಯಿ ಹಾಕಿ, ಮ್ಯಾಲೆ ತುಪ್ಪ, ಹಾಲಿನ್ಯಾಗ ಮಾಡಿದ ರಾಗಿ ಅಂಬಲಿ, ಕುದಿಸಿದ ಗೆಣಸು ಹಾಲಾಗ ಹಿಚುಕಿ, ಬಾಳಿಹಣ್ಣು, ಮೆತ್ತಗಿನ ತತ್ತಿ. ಎರಡು ತಾಸಿಗೊಮ್ಮೆ ಅರ್ಧಾ ವಾಟಗಾ ಆದ್ರೂ ಸಾಕು. ತುಳಸಿ, ಅಲ್ಲ, ಅರಿಷಿಣದ ಕಷಾಯ ಗಂಟಲಕ್ಕ ಹಿತ, ಕುಡೀರಿ, ಅದನ್ನ ಔಷಧದ ಬದ್ಲಿ ಅಂತ ತಿಳಕೋಬ್ಯಾಡ್ರಿ.

ಗುಳಿಗಿ ಜೋಡಿ ಹೊಂದದ್ದು

ಡೆರಿಫಿಲಿನ್ ಅಥವಾ ಥಿಯೋಫಿಲಿನ್ ಇರೋ ಗುಳಿಗಿ ತಗೊಳ್ಳೋರು ಚಾ-ಕಾಫಿ ಕಮ್ಮಿ ಮಾಡಬೇಕು, ಯಾಕಂದ್ರ ಕೆಫೀನ್ ಅದ ಜಾತಿದು, ಎರಡೂ ಕೂಡಿದ್ರ ಎದಿ ಡವಡವ, ಕೈ ನಡುಕ, ರಾತ್ರಿ ನಿದ್ದಿ ಇಲ್ಲ. ತಾಸಿಗೊಂದು ಕಪ್ ಚಾ ಕುಡಿಯೋ ನಮ್ ಮಂದಿಗೆ ಇದು ಕಷ್ಟದ ಮಾತು, ದಿನಕ್ಕ ಎರಡಕ್ಕ ಇಳಸ್ರಿ. ವಾರ್ಫರಿನ್ ಅಂತ ರಕ್ತ ತೆಳ್ಳಗ ಮಾಡೋ ಗುಳಿಗಿ ಇದ್ದವ್ರು ತಪ್ಪಲ ಪಲ್ಯ ಒಂದ ದಿನ ರಾಶಿಗಟ್ಟಲೆ, ಮರುದಿನ ಇಲ್ಲೇ ಇಲ್ಲ ಅಂತ ಮಾಡಬಾರ್ದು, ದಿನಾ ಒಂದ ಅಳತಿ ಇರಲಿ, ಅದ್ರಾಗಿನ ಕೆ ಜೀವಸತ್ವ ಗುಳಿಗಿ ಕೆಲಸಕ್ಕ ಅಡ್ಡ ಬರತೈತಿ. ಮೂತ್ರ ಹೋಗಾಕ ಕೊಡೋ ಗುಳಿಗ್ಯಾಗ ಕೆಲವು ಪೊಟ್ಯಾಸಿಯಂ ಕಳೀತಾವ, ಕೆಲವು ಉಳಸ್ತಾವ, ಅದಕ್ಕ ಎಳನೀರು, ಬಾಳಿಹಣ್ಣು ಎಷ್ಟು ಅನ್ನೋದನ್ನ ಗುಳಿಗಿ ಹೆಸರು ತೋರಿಸಿ ಕೇಳ್ರಿ. ಉಪ್ಪು ದಿನಕ್ಕ ಎಲ್ಲಾ ಕೂಡಿ 5 ಗ್ರಾಂ, ಒಂದು ಸಣ್ಣ ಚಮಚಾ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಹಿಂಡಿ ಎಲ್ಲಾದ್ರಾಗಿನ ಉಪ್ಪೂ ಇದ್ರಾಗ ಬಂತು; ಹಿಂಡಿಗೆ ಉಪ್ಪು ಕಮ್ಮಿ ಹಾಕಿ ಒಂದು ಹನಿ ಲಿಂಬಿ ಹಿಂಡಿದ್ರ ನಾಲಿಗಿಗೆ ಗೊತ್ತಾಗಂಗಿಲ್ಲ.

ತೂಕ ವಾರಕ್ಕೊಮ್ಮೆ, ಅದ ತಕ್ಕಡಿ, ಮುಂಜಾನೆ ಸಂಡಾಸ ಆದ ಮ್ಯಾಲೆ, ಕ್ಯಾಲೆಂಡರ್ ಮ್ಯಾಗ ಬರೀರಿ. ಮನ್ಯಾಗ ತಕ್ಕಡಿ ಇಲ್ಲಂದ್ರ ಕಿರಾಣಿ ಅಂಗಡಿ ಚೀಲ ತೂಗೋ ತಕ್ಕಡಿನೂ ನಡೀತೈತಿ. ಆರು ತಿಂಗಳದಾಗ 50 ಇದ್ದದ್ದು 47 ಆತಂದ್ರ ಡಾಕ್ಟರ್‌ಗೆ ಹೇಳಬೇಕು, ಕಾಯಬಾರ್ದು. ಎರಡು ಮೂರು ದಿನದಾಗ ಒಂದೆರಡು ಕೆಜಿ ಏರಿ ಕಾಲು ಬಾತ್ರ ಅದು ಮೈ ಹತ್ತಿದ್ದಲ್ಲ, ನೀರು ತುಂಬಿದ್ದು, ಅವತ್ತ ಹೋಗ್ರಿ. ನುಂಗೋ ಮುಂದ ಪ್ರತಿ ಸಲ ಕೆಮ್ಮು ಬರೋದು, ಮಂಪರು ಹತ್ತಿದಂಗ ಇರೋದು, ತುಟಿ ನೀಲಿ ಆಗೋದು ಕಂಡ್ರ ಊಟದ ವಿಚಾರ ಬದಿಗಿಟ್ಟು ಗಾಡಿ ತರಸ್ರಿ. ಬಾಕಿ ದಿನದಾಗ ದವಾಖಾನಿಗೆ ಹೋದಾಗ ಕ್ಯಾಲೆಂಡರ್ ಹಾಳಿ, ಗುಳಿಗಿ ಚೀಟಿ, ಮೂರು ದಿನ ಏನೇನ್ ಉಂಡ್ರು ಅನ್ನೋದು ಒಂದು ಹಾಳ್ಯಾಗ ಬರಕೊಂಡು ಹೋಗ್ರಿ, ಡಯಟೀಷಿಯನ್ ಅದಾರೇನು ಅಂತ ಅಲ್ಲೇ ಕೇಳ್ರಿ. ಬೆಳಗಾವಿ, ವಿಜಯಪುರ, ಬಾಗಲಕೋಟಿ ಮೂರೂ ಊರಾಗ ಮೆಡಿಕಲ್ ಕಾಲೇಜ್ ದವಾಖಾನಿ ಅದಾವ. ಬರೇ "ಊಟ ಸೇರವಲ್ತ್ರಿ" ಅಂದ್ರ ಒಂದು ಟಾನಿಕ್ ಬರಕೊಟ್ಟು ಕಳಸ್ತಾರ, ಹಾಳಿ ಮುಂದಿಟ್ರ ಅವ್ರೂ ಕುಂತು ನೋಡ್ತಾರ.